ಬೆಲ್ಟ್ ಲೋಡರ್ ತಾಗಿದ್ದನ್ನು ಹೇಳಿದೆ, ಫ್ಲೈಟ್ ತಡವಾಯಿತು. ಮುಂದಿನ ಸಲ ಯಾರಿಗೆ, ಹೇಗೆ ಹೇಳಬೇಕು?

ರ‍್ಯಾಂಪ್ ರಾತ್ರಿಪಾಳಿ

ಎಲ್ಲರಿಗೂ ನಮಸ್ಕಾರ. ವಿಮಾನಕ್ಕೆ ಲಗೇಜ್ ಹತ್ತಿಸುವ, ಇಳಿಸುವ ಕೆಲಸದಲ್ಲಿ ನನಗೆ ಆರು ವರ್ಷ ಆಯಿತು. ಬೆಲ್ಟ್ ಲೋಡರ್ (ಬ್ಯಾಗ್‌ಗಳನ್ನು ಬೆಲ್ಟ್ ಮೇಲೆ ವಿಮಾನದ ಬಾಗಿಲಿಗೆ ಏರಿಸುವ ಗಾಡಿ), ಟಗ್ (ಲಗೇಜ್ ಟ್ರಾಲಿ ಎಳೆಯುವ ಗಾಡಿ) ಎರಡನ್ನೂ ಓಡಿಸುತ್ತೇನೆ. ಕಳೆದ ವಾರ ಆದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಕಂಪನಿ ಹೆಸರು, ಊರಿನ ಹೆಸರು ಹೇಳುವುದಿಲ್ಲ.

ರಾತ್ರಿಯ ಕೊನೆಯ ಫ್ಲೈಟ್. ಮಳೆ ನಿಂತಿತ್ತು, ನೆಲ ಮಾತ್ರ ಒದ್ದೆ. ಹಿಂದಿನ ಕಾರ್ಗೋ ಬಾಗಿಲಿಗೆ ಬೆಲ್ಟ್ ಲೋಡರ್ ಹಚ್ಚುತ್ತಿದ್ದೆ. ಬ್ರೇಕ್ ಹಿಡಿದರೂ ಗಾಡಿ ಒಂದು ಗೇಣು ಜಾರಿತು. ಮುಂದಿನ ರಬ್ಬರ್ ಬಂಪರ್ ಬಾಗಿಲಿನ ಕೆಳಗೆ ತಾಗಿತು. ಸದ್ದು ಕೂಡ ದೊಡ್ಡದಿರಲಿಲ್ಲ. ಇಳಿದು ಟಾರ್ಚ್ ಬಿಟ್ಟು ನೋಡಿದೆ. ಕಪ್ಪು ಗುರುತು ಬಿಟ್ಟರೆ ಏನೂ ಕಾಣಲಿಲ್ಲ. ಪಕ್ಕದಲ್ಲಿದ್ದವನು "ಒರೆಸಿಬಿಡು, ರಬ್ಬರ್ ತಾಗಿದ್ದಷ್ಟೇ" ಅಂದ. ಹೊರಡೋಕೆ ಹದಿನೈದು ನಿಮಿಷ ಇತ್ತು.

ನಾನು ಹೋಗಿ ಹೆಡ್‌ಸೆಟ್ ಹಾಕಿಕೊಂಡಿದ್ದವರಿಗೆ ಹೇಳಿದೆ. ಅವರು ಕಾಕ್‌ಪಿಟ್‌ಗೆ ಹೇಳಿದರು. ಇಂಜಿನಿಯರ್ ಬಂದು ಅಳತೆ ತೆಗೆದರು, ಪುಸ್ತಕ ನೋಡಿದರು, ಲಾಗ್‌ನಲ್ಲಿ ಬರೆದರು. ತಗ್ಗು ಇದ್ದದ್ದು ನಿಜ, ಆದರೆ ಮಿತಿಯೊಳಗೆ ಇತ್ತು. ವಿಮಾನ ಹೊರಟಿತು, ಒಂದು ಗಂಟೆ ಐವತ್ತು ನಿಮಿಷ ತಡವಾಗಿ.

ಮಾರನೇ ದಿನ ನನ್ನನ್ನು ಗಾಡಿಯಿಂದ ಇಳಿಸಿದರು. ಹದಿನೈದು ದಿನ ಬರೀ ಲಗೇಜ್ ಎತ್ತುವ ಕೆಲಸ. ವಿವರಣೆ ಪತ್ರ ಬೇರೆ ಬರೆಸಿಕೊಂಡರು. ಜೊತೆಯವರು "ಸುಮ್ನೆ ಇದ್ದಿದ್ದರೆ ಏನೂ ಆಗ್ತಿರಲಿಲ್ಲ" ಅನ್ನುತ್ತಾರೆ. ಮಿತಿಯೊಳಗೇ ಇತ್ತಲ್ಲ, ಅವರು ಹೇಳೋದರಲ್ಲಿ ಸತ್ಯ ಇದೆಯಾ ಅಂತ ನನಗೂ ಅನಿಸಲು ಶುರುವಾಗಿದೆ. ಇಂಜಿನಿಯರ್‌ಗಳು, ಪೈಲಟ್‌ಗಳು ಇದ್ದರೆ ದಯವಿಟ್ಟು ಹೇಳಿ. ಇನ್ನೊಂದು ಸಲ ಹೀಗಾದರೆ ಯಾರಿಗೆ ಮೊದಲು ಹೇಳಬೇಕು, ಯಾವ ಮಾತಿನಲ್ಲಿ ಹೇಳಬೇಕು?

ಹ್ಯಾಂಗರ್ ಕಡೆಯಿಂದ

ಮೊದಲು ಒಂದು ಮಾತು. ನೀವು ಮಾಡಿದ್ದು ಸರಿ. "ಮಿತಿಯೊಳಗೇ ಇತ್ತಲ್ಲ" ಅನ್ನುವುದು ಇಂಜಿನಿಯರ್ ಅಳತೆ ತೆಗೆದ ಮೇಲೆ ಗೊತ್ತಾದ ವಿಷಯ. ನೀವು ಟಾರ್ಚ್ ಹಿಡಿದು ನಿಂತಿದ್ದಾಗ ಅದು ಯಾರಿಗೂ ಗೊತ್ತಿರಲಿಲ್ಲ.

ವಿಮಾನದ ಮೈ ಎಷ್ಟು ತೆಳು ಅಂತ ನಮ್ಮಲ್ಲೇ ಎಷ್ಟೋ ಜನರಿಗೆ ಗೊತ್ತಿಲ್ಲ. ನಾವು ದಿನಾ ನೋಡುವ ಸಣ್ಣ ಜೆಟ್‌ಗಳಲ್ಲಿ ಬಹಳ ಕಡೆ ಅಲ್ಯೂಮಿನಿಯಂ ಹೊದಿಕೆ ಸುಮಾರು ಒಂದು ಮಿಲಿಮೀಟರ್ ಅಷ್ಟೇ. ಮೇಲೆ ಹೋದಾಗ ಒಳಗಿನ ಗಾಳಿ ಅದನ್ನು ಹೊರಗೆ ತಳ್ಳುತ್ತದೆ. ಒಳಗೂ ಹೊರಗೂ ಇರುವ ಒತ್ತಡದ ವ್ಯತ್ಯಾಸ ಚದರ ಅಂಗುಲಕ್ಕೆ 8 ಪೌಂಡ್ ಆಸುಪಾಸು. ಒಂದು ಚದರ ಮೀಟರ್ ಜಾಗಕ್ಕೆ ಲೆಕ್ಕ ಹಾಕಿದರೆ ಐದೂವರೆ ಟನ್. ಇಳಿದಾಗ ಆ ಒತ್ತಡ ಹೋಗುತ್ತದೆ. ಪ್ರತಿ ಹಾರಾಟಕ್ಕೂ ಮೈ ಒಮ್ಮೆ ಉಬ್ಬುತ್ತದೆ, ಒಮ್ಮೆ ಸಡಿಲವಾಗುತ್ತದೆ. ನುಣ್ಣಗಿನ ತಗ್ಗು ಎಷ್ಟೋ ಸಲ ವರ್ಷಗಟ್ಟಲೆ ಹಾಗೇ ಇರುತ್ತದೆ. ಆದರೆ ಅದರಲ್ಲಿ ಒಂದು ಮಡಿಕೆ ಇದ್ದರೆ, ಒಂದು ಚೂಪು ಗೀರು ಇದ್ದರೆ, ಎಳೆತವೆಲ್ಲ ಅಲ್ಲೇ ಸೇರುತ್ತದೆ. ಬಿರುಕು ಶುರುವಾಗುವುದು ಅಲ್ಲಿಂದ.

ಅದಕ್ಕೇ ನಾವು ಬರೀ ಆಳ ನೋಡುವುದಿಲ್ಲ. ಅಗಲ ಎಷ್ಟು, ಹತ್ತಿರದ ರಿವೆಟ್ ಸಾಲಿಗೆ ದೂರ ಎಷ್ಟು, ಒಳಗಿನ ಫ್ರೇಮ್ ಮೇಲೇ ಬಿದ್ದಿದೆಯಾ, ಬಾಗಿಲಿನ ಅಂಚಿಗೆ ಎಷ್ಟು ಸಮೀಪ, ಎಲ್ಲ ನೋಡಬೇಕು. ಬಾಗಿಲ ಸುತ್ತ ಅಂತೂ ಮಿತಿ ಬಹಳ ಬಿಗಿ. ಆಮೇಲೆ ಅದನ್ನು ವಿಮಾನದ ಡೆಂಟ್ ಚಾರ್ಟ್‌ನಲ್ಲಿ ಗುರುತು ಹಾಕುತ್ತೇವೆ. ಮುಂದೆ ಯಾವ ಊರಿನಲ್ಲಿ ಯಾರೇ ನೋಡಿದರೂ ಇದು ಹಳೇದು, ಇದು ಹೊಸದು ಅಂತ ಗೊತ್ತಾಗಬೇಕು. ನೀವು ಒರೆಸಿ ಸುಮ್ಮನಾಗಿದ್ದರೆ ಮುಂದಿನ ಊರಿನವರು ಅದನ್ನು ನೋಡಿ ಇಡೀ ವಿಮಾನ ನಿಲ್ಲಿಸುತ್ತಿದ್ದರು. ಯಾವಾಗ ಆಯಿತು, ಏನು ಹೊಡೆಯಿತು ಒಂದೂ ಅವರಿಗೆ ಗೊತ್ತಿರುತ್ತಿರಲಿಲ್ಲ.

ಇನ್ನು ಬೋಯಿಂಗ್ 787, ಏರ್‌ಬಸ್ ಎ350 ತರಹದ ವಿಮಾನಗಳು ಬಂದಮೇಲೆ ಕಣ್ಣನ್ನು ನಂಬುವುದು ಇನ್ನೂ ಕಷ್ಟ. ಅವುಗಳ ತೂಕದಲ್ಲಿ ಸುಮಾರು ಅರ್ಧ ಭಾಗ ಕಾರ್ಬನ್ ಫೈಬರ್ ಕಾಂಪೋಸಿಟ್, ಅಂದರೆ ಪದರ ಪದರವಾಗಿ ಅಂಟಿಸಿ ಮಾಡಿದ ವಸ್ತು. ಲೋಹ ಪೆಟ್ಟು ಬಿದ್ದರೆ ತಗ್ಗಾಗುತ್ತದೆ, ಕಾಣುತ್ತದೆ. ಕಾಂಪೋಸಿಟ್ ಪೆಟ್ಟು ತಿಂದು ಹೊರಗಡೆ ಮೊದಲಿನ ಆಕಾರಕ್ಕೇ ಮರಳಬಹುದು. ಒಳಗೆ ಪದರಗಳು ಬಿಟ್ಟುಕೊಂಡಿರುತ್ತವೆ, ಒಳಗಿನ ಫ್ರೇಮ್ ಬಿರಿದಿರಲೂಬಹುದು. ಅದರಲ್ಲೂ ಅಗಲವಾದ ರಬ್ಬರ್ ಬಂಪರ್ ನಿಧಾನವಾಗಿ ಒತ್ತಿದರೆ ಹೊರಗೆ ಗೀರು ಕೂಡ ಇರುವುದಿಲ್ಲ. "ರಬ್ಬರ್ ತಾಗಿದ್ದಷ್ಟೇ" ಅನ್ನುವ ಮಾತು ನನಗೆ ಭಯ ಹುಟ್ಟಿಸುವುದು ಅದಕ್ಕೇ. ಅಲ್ಟ್ರಾಸೌಂಡ್ ಹಚ್ಚಿ ನೋಡಬೇಕಾದ ಜಾಗ ಯಾವುದು ಅಂತ ಹೇಳಬಲ್ಲವರು ಆ ಹೊತ್ತಿಗೆ ಒಬ್ಬರೇ, ಗಾಡಿ ಓಡಿಸುತ್ತಿದ್ದವರು.

ಚೈನಾ ಏರ್‌ಲೈನ್ಸ್‌ನ ಫ್ಲೈಟ್ 611 ನೆನಪಿಡಿ. 1980ರಲ್ಲಿ ಇಳಿಯುವಾಗ ಬಾಲ ನೆಲಕ್ಕೆ ಉಜ್ಜಿತು. ರಿಪೇರಿ ಸರಿಯಾಗಿ ಆಗಲಿಲ್ಲ, ಗೀರುಗಳು ತೇಪೆಯ ಕೆಳಗೇ ಉಳಿದವು. 22 ವರ್ಷ ಏನೂ ಆಗಲಿಲ್ಲ. 2002ರ ಮೇ 25ರಂದು ಅದೇ ಜಾಗದಿಂದ ಆಕಾಶದಲ್ಲಿ ಒಡೆಯಿತು. 225 ಜನರೂ ಹೋದರು.

ಹಳೇ ಶಿಫ್ಟ್ ಇನ್‌ಚಾರ್ಜ್

ನಾನು ಇನ್ನೊಂದು ಬದಿಯಿಂದ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಬಹಳ ವರ್ಷ ಶಿಫ್ಟ್ ನೋಡಿಕೊಂಡಿದ್ದೇನೆ. ತಾಗಿಸಿದ್ದು ತಪ್ಪು, ಹೇಳಿದ್ದು ಸರಿ, ಎರಡೂ ಬೇರೆ ಬೇರೆ. ಹೇಳಿದ ಅಂದಮಾತ್ರಕ್ಕೆ ತಾಗಿಸಿದ್ದು ಮರೆಯೋಕೆ ಆಗುತ್ತಾ? ಒದ್ದೆ ನೆಲದಲ್ಲಿ ವಿಮಾನದ ಹತ್ತಿರ ಬರುವ ಮೊದಲೇ ಗಾಡಿ ಪೂರ್ತಿ ನಿಲ್ಲಿಸಿ ಬ್ರೇಕ್ ಪರೀಕ್ಷೆ ಮಾಡಬೇಕು, ಆಮೇಲೆ ನಡಿಗೆಗಿಂತ ನಿಧಾನವಾಗಿ ಬರಬೇಕು. ಗೈಡ್ ಮಾಡಲು ಒಬ್ಬ ನಿಂತಿರಬೇಕು. ಇವೆಲ್ಲ ಆಗಿತ್ತಾ? ಗಾಡಿಯಿಂದ ಇಳಿಸಿ ಮತ್ತೆ ತರಬೇತಿ ಕೊಡುವುದು ಶಿಕ್ಷೆ ಅಂತ ಯಾಕೆ ತಿಳಿಯಬೇಕು?

ಹಣದ ಮಾತೂ ಸಣ್ಣದಲ್ಲ. ನೆಲದ ಮೇಲೆ ಆಗುವ ಹಾನಿಯ ಖರ್ಚು ಹೀಗೇ ಬಿಟ್ಟರೆ 2035ರ ಹೊತ್ತಿಗೆ ವರ್ಷಕ್ಕೆ ಸುಮಾರು 1,000 ಕೋಟಿ ಡಾಲರ್ ಮುಟ್ಟಬಹುದು ಅಂತ ವಿಮಾನ ಕಂಪನಿಗಳ ಅಂತರರಾಷ್ಟ್ರೀಯ ಸಂಘ ಐಯಾಟಾ 2022ರಲ್ಲೇ ಹೇಳಿದೆ. ಬಿಗಿ ಇಲ್ಲದಿದ್ದರೆ ನಡೆಯುವುದಿಲ್ಲ.

ಬಲಗಡೆ ಸೀಟು

ನಾನು ಫಸ್ಟ್ ಆಫೀಸರ್, ಅಂದರೆ ಸಹ ಪೈಲಟ್. ರಾತ್ರಿಪಾಳಿ ಅಣ್ಣನ ಪ್ರಶ್ನೆಗೆ ಬರುತ್ತೇನೆ.

ನಾವು ಹೊರಡುವ ಮುಂಚೆ ವಿಮಾನದ ಸುತ್ತ ಒಂದು ಸುತ್ತು ನಡೆದು ನೋಡುತ್ತೇವೆ. ಇದನ್ನು ನೋಡಿ "ಪೈಲಟ್ ನೋಡುತ್ತಾರಲ್ಲ" ಅಂತ ಬಹಳ ಜನ ಅಂದುಕೊಂಡಿದ್ದಾರೆ. ಆದರೆ ನಾನು ಸುತ್ತು ಹಾಕುವ ಹೊತ್ತಿಗೆ ಲಗೇಜ್ ಇನ್ನೂ ಬರುತ್ತಿರುತ್ತದೆ, ಊಟದ ಟ್ರಕ್ ಇರುತ್ತದೆ, ಇಂಧನದ ಗಾಡಿ ಇರುತ್ತದೆ. ನಾನು ಮೇಲೆ ಹೋಗಿ ಕೂತಮೇಲೂ ಅರ್ಧ ಗಂಟೆ ಗಾಡಿಗಳು ಓಡಾಡುತ್ತವೆ. ಆ ಅರ್ಧ ಗಂಟೆಯಲ್ಲಿ ಆದದ್ದು ನನಗೆ ಕಾಣುವುದೇ ಇಲ್ಲ. ಕಾಕ್‌ಪಿಟ್‌ನಿಂದ ಹಿಂದಿನ ಕಾರ್ಗೋ ಬಾಗಿಲು ಕಾಣುವುದಿಲ್ಲ. ಆಮೇಲಿನ ನನ್ನ ಕಣ್ಣು ನೀವೇ.

ಅಲಾಸ್ಕಾ ಏರ್‌ಲೈನ್ಸ್ 536ರ ಕಥೆ ನಮ್ಮ ತರಬೇತಿಯಲ್ಲಿ ಹೇಳಿದ್ದರು. 2005ರ ಡಿಸೆಂಬರ್ 26, ಸಿಯಾಟಲ್. ಲಗೇಜ್ ಗಾಡಿ ಎಂಡಿ-83 ವಿಮಾನದ ಮೈಗೆ ತಾಗಿತು. ಓಡಿಸುತ್ತಿದ್ದವರು ಯಾರಿಗೂ ಹೇಳಲಿಲ್ಲ. ವಿಮಾನ ಹೊರಟು ಸುಮಾರು 26,000 ಅಡಿ ಏರಿದಾಗ ಮೈ ಕಿತ್ತುಕೊಂಡು ಒಂದು ಅಡಿ ಉದ್ದ, ಅರ್ಧ ಅಡಿ ಅಗಲದ ತೂತು ಬಿತ್ತು. ಗಾಳಿ ಹೊರಗೆ ಹೋಯಿತು, ಆಮ್ಲಜನಕದ ಮಾಸ್ಕ್‌ಗಳು ಕೆಳಗೆ ಬಿದ್ದವು. ಪೈಲಟ್‌ಗಳು ಬೇಗ ಇಳಿಸಿ ಸಿಯಾಟಲ್‌ಗೇ ವಾಪಸ್ ತಂದರು. ಎಲ್ಲರೂ ಬದುಕಿದರು. ಆದದ್ದು ಏನು ಅಂತ ಆ ಕೆಲಸಗಾರ ಒಪ್ಪಿಕೊಂಡಿದ್ದು ಆಮೇಲೆ. ನೆಲದ ಮೇಲೆ ಎರಡು ನಿಮಿಷದ ಮಾತು ಸಾಕಾಗುತ್ತಿತ್ತು.

ಈಗ ಹೇಗೆ ಹೇಳುವುದು. ಮೊದಲ ಮಾತೇ "ಕ್ಯಾಪ್ಟನ್, ವಿಮಾನಕ್ಕೆ ಗಾಡಿ ತಾಗಿದೆ" ಅಂತ ಇರಲಿ. "ಸ್ವಲ್ಪ", "ಹಾಗೆ ಅನಿಸಿತು", "ಏನೂ ಆಗಿಲ್ಲ ಆದರೂ" ಬೇಡ. ಹೆಡ್‌ಸೆಟ್‌ನಲ್ಲಿ ಎಂಜಿನ್ ಸದ್ದಿನ ನಡುವೆ ನನಗೆ ಅರ್ಧ ಮಾತು ಕೇಳುತ್ತದೆ. ಆ ಅರ್ಧದಲ್ಲಿ "ಏನೂ ಆಗಿಲ್ಲ" ಮಾತ್ರ ಕೇಳಿದರೆ? ಆಮೇಲೆ ಏನು ತಾಗಿತು, ಎಲ್ಲಿ ತಾಗಿತು, ಇಂಜಿನಿಯರ್ ನೋಡಿದರಾ ಇಲ್ಲವಾ. ನೋಡುವವರೆಗೆ ಗಾಡಿ ಅಲ್ಲೇ ಇರಲಿ, ಗುರುತು ಒರೆಸಬೇಡಿ.

ಎಡ ಬಲದ ಬಗ್ಗೆ ಎಚ್ಚರ. ಹೆಡ್‌ಸೆಟ್ ಹಾಕಿದವರು ಮೂಗಿನ ಮುಂದೆ ನಮ್ಮ ಕಡೆ ಮುಖ ಮಾಡಿ ನಿಂತಿರುತ್ತಾರೆ. ಅವರ ಎಡಗೈ ನನ್ನ ಬಲಗಡೆ. ಗಾಬರಿಯಲ್ಲಿ ಉಲ್ಟಾ ಆಗುವುದು ಸಹಜ. ಸುಲಭದ ದಾರಿ ಅಂದರೆ, ಪ್ರಯಾಣಿಕರು ಹತ್ತುವುದು ವಿಮಾನದ ಎಡಕ್ಕೆ, ಲಗೇಜ್ ಬಾಗಿಲು ಇರುವುದು ಸಾಮಾನ್ಯವಾಗಿ ಬಲಕ್ಕೆ. "ಲಗೇಜ್ ಬಾಗಿಲ ಕಡೆ, ರೆಕ್ಕೆಯ ಹಿಂದೆ" ಅಂದರೆ ನನಗೆ ತಪ್ಪು ತಿಳಿಯಲು ಜಾಗವೇ ಇಲ್ಲ.

ಗ್ಯಾಲಿಯಿಂದ

ಕ್ಯಾಬಿನ್ ಕ್ರ್ಯೂ ನಾನು, ಹನ್ನೊಂದು ವರ್ಷದಿಂದ. ಎಡ ಬಲದ ಮಾತು ಬಂದಿದ್ದಕ್ಕೆ ಬರೆಯುತ್ತಿದ್ದೇನೆ. ಹೇಳದೇ ಉಳಿಯುವುದು ನೆಲದವರಲ್ಲಿ ಮಾತ್ರ ಇಲ್ಲ, ನಮ್ಮಲ್ಲೂ ಇದೆ.

1989ರ ಜನವರಿ 8, ಇಂಗ್ಲೆಂಡ್‌ನ ಕೆಗ್‌ವರ್ತ್. ಬ್ರಿಟಿಷ್ ಮಿಡ್‌ಲ್ಯಾಂಡ್‌ನ 737. ಕೆಟ್ಟದ್ದು ಎಡ ಎಂಜಿನ್, ಪೈಲಟ್‌ಗಳು ಆಫ್ ಮಾಡಿದ್ದು ಬಲ ಎಂಜಿನ್. ಬಲ ಎಂಜಿನ್‌ನಲ್ಲಿ ತೊಂದರೆ ಅಂತ ಕ್ಯಾಪ್ಟನ್ ಮೈಕ್‌ನಲ್ಲಿ ಹೇಳಿದರು. ಹಿಂದೆ ಕೂತವರು ಎಡಗಡೆ ಬೆಂಕಿ ನೋಡಿದ್ದರು. ಕ್ಯಾಬಿನ್ ಸಿಬ್ಬಂದಿಯಲ್ಲೂ ಕೆಲವರು ನೋಡಿದ್ದರು. ಒಬ್ಬರೂ ಮುಂದೆ ಹೋಗಿ ಹೇಳಲಿಲ್ಲ. ಪೈಲಟ್‌ಗಳಿಗೆ ಗೊತ್ತಿರುತ್ತದೆ ಅಂತ ಎಲ್ಲರೂ ಅಂದುಕೊಂಡರು. 126 ಜನರಲ್ಲಿ 47 ಜನ ತೀರಿಕೊಂಡರು.

ಅದೇ ವರ್ಷ ಮಾರ್ಚ್ 10ರಂದು ಕೆನಡಾದ ಡ್ರೈಡನ್. ಏರ್ ಒಂಟಾರಿಯೋದ ಫಾಕರ್ ಎಫ್28. ರೆಕ್ಕೆ ಮೇಲೆ ಹಿಮ ಕೂತಿದ್ದು ಕಿಟಕಿಯಿಂದಲೇ ಕಾಣುತ್ತಿತ್ತು. ಪ್ರಯಾಣಿಕರಾಗಿ ಕೂತಿದ್ದ ಪೈಲಟ್‌ಗಳೂ ನೋಡಿದ್ದರು. ಮಾತು ಕಾಕ್‌ಪಿಟ್ ಮುಟ್ಟಲಿಲ್ಲ. 24 ಜನ ಸತ್ತರು. ಹೇಳಿದರೆ ಕೇಳುತ್ತಾರೆ ಅನ್ನುವ ನಂಬಿಕೆ ಸಿಬ್ಬಂದಿಗೆ ಇರಲಿಲ್ಲ ಅನ್ನುವುದು ವಿಚಾರಣೆಯಲ್ಲಿ ಹೊರಬಂತು.

ಹೊಸದಾಗಿ ಸೇರಿದಾಗ ನಾನೂ ಹೆದರುತ್ತಿದ್ದೆ. 10,000 ಅಡಿಗಿಂತ ಕೆಳಗೆ ಪೈಲಟ್‌ಗಳನ್ನು ಮಾತಾಡಿಸಬಾರದು ಅಂತ ಪಾಠ ಇರುತ್ತದಲ್ಲ. ಆ ನಿಯಮ ಬೇಡದ ಮಾತಿಗೆ. ರೆಕ್ಕೆಯಲ್ಲಿ ಏನೋ ನೇತಾಡುತ್ತಿದ್ದರೆ ಅದು ಬೇಡದ ಮಾತಲ್ಲ. ಇದನ್ನು ನನಗೆ ಒಬ್ಬ ಸೀನಿಯರ್ ಅಕ್ಕ ಹೇಳಿಕೊಟ್ಟರು, ಯಾವ ಮ್ಯಾನುಯಲ್ಲೂ ಅಷ್ಟು ಚೆನ್ನಾಗಿ ಹೇಳಲಿಲ್ಲ.

ಹೇಳಿದ್ದರಿಂದ ಒಳ್ಳೆಯದಾದ ಉದಾಹರಣೆಯೂ ಇದೆ. 2023ರ ಅಕ್ಟೋಬರ್‌ನಲ್ಲಿ ಲಂಡನ್ ಸ್ಟಾನ್‌ಸ್ಟೆಡ್‌ನಿಂದ ಒಂದು ಎ321 ಹೊರಟಿತು, ಒಳಗಿದ್ದವರು 20 ಜನ. ಮೇಲೇರುವಾಗ ಲೋಡ್‌ಮಾಸ್ಟರ್‌ಗೆ (ವಿಮಾನದ ಲೋಡ್ ನೋಡಿಕೊಳ್ಳುವವರಿಗೆ) ಸದ್ದು ಜಾಸ್ತಿ ಅನಿಸಿತು. ಎದ್ದು ಹೋಗಿ ನೋಡಿದರೆ ಕಿಟಕಿಯ ಸೀಲ್ ಗಾಳಿಗೆ ಬಡಿದುಕೊಳ್ಳುತ್ತಿತ್ತು. ಹೇಳಿದರು, ವಿಮಾನ ವಾಪಸ್ ಬಂತು. ಇಳಿದ ಮೇಲೆ ನೋಡಿದಾಗ ಕಿಟಕಿ ಗಾಜುಗಳು ಹಾರಿಹೋಗಿದ್ದವು. ಹಿಂದಿನ ದಿನ ಶೂಟಿಂಗ್‌ಗೆ ಇಟ್ಟ ದೊಡ್ಡ ದೀಪಗಳ ಶಾಖಕ್ಕೆ ಹಾಳಾಗಿದ್ದವು. ಸದ್ದು ಬೇರೆ ಥರ ಇದೆ ಅನ್ನುವಷ್ಟರ ಮೇಲೇ ಅವರು ಎದ್ದರು ನೋಡಿ.

ಕಿಟಕಿ ಸೀಟು

ನಾನು ಬರೀ ಪ್ರಯಾಣಿಕ. ನನಗೆ ಏನಾದರೂ ಕಂಡರೆ ಹೇಳಬಹುದಾ? ಗೊತ್ತಿಲ್ಲದೆ ಸುಮ್ಮನೆ ಎಲ್ಲರನ್ನೂ ಹೆದರಿಸಿದ ಹಾಗೆ ಆಗುವುದಿಲ್ಲವಾ?

ಗ್ಯಾಲಿಯಿಂದ

ಖಂಡಿತ ಹೇಳಿ. ಕರೆಗಂಟೆ ಒತ್ತಿ, ನಮ್ಮ ಕಿವಿಗೆ ಮಾತ್ರ ಬೀಳುವ ಹಾಗೆ ಹೇಳಿ. ರೆಕ್ಕೆಯ ಹಿಂಬದಿಯ ಫ್ಲಾಪ್‌ಗಳ ನಡುವೆ ಸಂದು ಕಾಣುವುದು, ಇಳಿಯುವಾಗ ರೆಕ್ಕೆ ಮೇಲೆ ಹಲಗೆಗಳು ಏಳುವುದು, ಇವೆಲ್ಲ ಇರಬೇಕಾದ್ದೇ. ಅದನ್ನು ನಾವು ವಿವರಿಸುತ್ತೇವೆ, ಯಾರೂ ನಗುವುದಿಲ್ಲ. 1988ರ ಏಪ್ರಿಲ್ 28ರಂದು ಹವಾಯಿಯಲ್ಲಿ ಅಲೋಹಾ ಏರ್‌ಲೈನ್ಸ್ 243ರ ಮೇಲ್ಛಾವಣಿ 18 ಅಡಿಯಷ್ಟು ಹಾರಿಹೋಯಿತಲ್ಲ, ಆ ವಿಮಾನ ಹತ್ತುವಾಗಲೇ ಒಬ್ಬ ಪ್ರಯಾಣಿಕರು ಬಾಗಿಲ ಹತ್ತಿರ ಬಿರುಕು ನೋಡಿದ್ದರು. ಯಾರಿಗೂ ಹೇಳಲಿಲ್ಲ. ಅವತ್ತು ಹೋದದ್ದು ನನ್ನಂಥ ಒಬ್ಬ ಗಗನಸಖಿಯ ಜೀವ. ದಯವಿಟ್ಟು ಹೇಳಿ.

ರ‍್ಯಾಂಪ್ ರಾತ್ರಿಪಾಳಿ

ಎಲ್ಲರಿಗೂ ಧನ್ಯವಾದ. ಎರಡು ಸಲ ಓದಿದೆ.

ಒಂದು ವಿಷಯ ನಾನು ಮೊದಲು ಬರೆದಿರಲಿಲ್ಲ. ಕೂಡಲೇ ಹೋಗಿ ಹೇಳಲಿಲ್ಲ. ಮೊದಲು ಕೈಗವಸಿನಿಂದ ಗುರುತು ಒರೆಸಿದೆ. ಅರ್ಧ ಹೋಯಿತು. ಒರೆಸುವಾಗ ಬೆರಳಿಗೆ ಸ್ವಲ್ಪ ತಗ್ಗು ಸಿಕ್ಕಿತು. ಆಗಲೂ ಬ್ಯಾಗ್ ಹತ್ತಿಸಲು ಶುರು ಮಾಡಿದೆ. ನಾಲ್ಕೋ ಐದೋ ಬ್ಯಾಗ್ ಹೋದವು. ಅದರಲ್ಲಿ ಒಂದು ಮಗುವಿನ ತಳ್ಳುಗಾಡಿ ಬಂತು. ಅದನ್ನು ಕೈಯಲ್ಲಿ ಹಿಡಿದಾಗ ನನ್ನಿಂದ ಮುಂದಕ್ಕೆ ಆಗಲಿಲ್ಲ. ಬೆಲ್ಟ್ ನಿಲ್ಲಿಸಿ ಹೋದೆ.

ಇನ್‌ಚಾರ್ಜ್ ಸರ್, ನೀವು ಕೇಳಿದ್ದಕ್ಕೆ ನಿಜ ಹೇಳುತ್ತೇನೆ. ಬ್ರೇಕ್ ಪರೀಕ್ಷೆ ಒಂದು ಸಲ ಮಾಡಿದೆ, ದೂರದಲ್ಲಿ. ಗೈಡ್ ಇರಲಿಲ್ಲ. ಅವತ್ತು ಆರು ಜನರ ಕೆಲಸಕ್ಕೆ ನಾಲ್ಕು ಜನ ಇದ್ದೆವು. ವಿವರಣೆ ಪತ್ರದಲ್ಲಿ ಇದನ್ನು ಬರೆದಿದ್ದೆ. ಅದರ ಬಗ್ಗೆ ಯಾರೂ ಏನೂ ಕೇಳಲಿಲ್ಲ.

ಹಳೇ ಶಿಫ್ಟ್ ಇನ್‌ಚಾರ್ಜ್

ತಮ್ಮಾ, ಇದನ್ನು ಓದಿ ನನಗೆ ಬೇಜಾರಾಯಿತು. ನಾಲ್ಕು ಜನರನ್ನು ಹಾಕಿ ಆರು ಜನರ ಕೆಲಸ ಮಾಡಿಸಿದ ರಾತ್ರಿಗಳು ನನ್ನ ಪಾಳಿಯಲ್ಲೂ ಇದ್ದವು. ಆ ರಾತ್ರಿಗಳಲ್ಲಿ ನನ್ನ ಹತ್ತಿರ ಬಂದು "ಸರ್, ತಾಗಿತು" ಅಂತ ಹೇಳಿದವರು ಕಡಿಮೆ. ತಾಗಿದ್ದು ಕಡಿಮೆ ಅಂತ ನಾನು ಅಂದುಕೊಂಡಿದ್ದೆ. ಈಗ ಹಾಗೆ ಅನಿಸುತ್ತಿಲ್ಲ.

ತಪ್ಪು ಮಾಡಿದವನನ್ನೂ ತಪ್ಪು ಮುಚ್ಚಿಟ್ಟವನನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ಎಲ್ಲರೂ ಮುಚ್ಚಿಡುವುದನ್ನೇ ಕಲಿಯುತ್ತಾರೆ, ಅಲ್ವಾ. ಅಮೆರಿಕದಲ್ಲಿ 1976ರಿಂದ ನಾಸಾ ನಡೆಸುವ ಒಂದು ವ್ಯವಸ್ಥೆ ಇದೆ. ಬೇಕಂತ ಮಾಡದ ತಪ್ಪನ್ನು ಹತ್ತು ದಿನದೊಳಗೆ ತಾವಾಗಿ ಬರೆದು ಕಳಿಸಿದರೆ, ಅಪಘಾತ, ಅಪರಾಧ ಬಿಟ್ಟು ಉಳಿದ ವಿಷಯಗಳಲ್ಲಿ ದಂಡದಿಂದ ರಕ್ಷಣೆ ಸಿಗುತ್ತದೆ. ಯುರೋಪ್‌ನಲ್ಲಿ 2014ರಲ್ಲಿ ಬಂದ 376ನೇ ನಿಯಮವೂ ವರದಿ ಮಾಡಿದವರನ್ನು ಕಾಪಾಡುತ್ತದೆ, ಅದು ನೆಲದ ಸಿಬ್ಬಂದಿಗೂ ಅನ್ವಯ. ಇವೆಲ್ಲ ನನಗೆ ಗೊತ್ತಿದ್ದವು. ನನ್ನ ಪಾಳಿಯಲ್ಲಿ ಒಂದು ದಿನವೂ ಈ ಮಾತು ಎತ್ತಲಿಲ್ಲ.

ಮತ್ತೆ ತರಬೇತಿ ಬೇಕು ಅನ್ನುವುದನ್ನು ನಾನು ಬಿಡುವುದಿಲ್ಲ. ಆದರೆ ಅದನ್ನು ಹದಿನೈದು ದಿನ ಎಲ್ಲರ ಮುಂದೆ ಲಗೇಜ್ ಎತ್ತಿಸಿ ಕೊಡುವುದಲ್ಲ. ಅರ್ಧ ದಿನ ಸಾಕು. ಗೈಡ್ ಇಲ್ಲದೆ ಗಾಡಿ ಹಚ್ಚಿಸಿದ್ದು ಯಾರು ಅನ್ನುವ ಪ್ರಶ್ನೆಗೂ ಅದೇ ಪತ್ರದಲ್ಲಿ ಉತ್ತರ ಬರಬೇಕು.

ಹೊಸ ಲೋಡರ್

ನಾನು ಸೇರಿ ಮೂರು ತಿಂಗಳು. ಒಂದು ಪ್ರಶ್ನೆ. ವಿಮಾನ ಹೊರಟುಹೋದ ಮೇಲೆ ನಮ್ಮ ಗಾಡಿಯ ಬಂಪರ್ ಮೇಲೆ ಬಣ್ಣ ಅಂಟಿರುವುದು ಕಂಡರೆ? ಆಗ ಹೇಳಿ ಏನು ಪ್ರಯೋಜನ?

ಬಲಗಡೆ ಸೀಟು

ಬಹಳ ಪ್ರಯೋಜನ ಇದೆ. ವಿಮಾನವನ್ನು ಹಿಂದಕ್ಕೆ ತಳ್ಳಿ ಆಗಿ, ನಾವು ರನ್‌ವೇ ಕಡೆಗೆ ಹೋಗುತ್ತಿದ್ದರೆ ಟವರ್ ಒಂದು ಮಾತು ಹೇಳಿದರೆ ಸಾಕು, ನಾವು ಅಲ್ಲೇ ನಿಲ್ಲುತ್ತೇವೆ. ಹಾರಿದ್ದರೂ ಸರಿ. ರೇಡಿಯೋ ಇದೆ, ಕಂಪನಿಯಿಂದ ಕಾಕ್‌ಪಿಟ್‌ಗೆ ಬರಹದ ಸಂದೇಶ ಕಳಿಸುವ ವ್ಯವಸ್ಥೆ ಇದೆ. ಸುದ್ದಿ ಬೇಗ ಬಂದರೆ ನಾವು ಇನ್ನೂ ಮೇಲೆ ಏರುವುದನ್ನು ನಿಲ್ಲಿಸಬಹುದು. ಕೆಳಗೆ ಇದ್ದಷ್ಟು ಒಳಗಿನ, ಹೊರಗಿನ ಒತ್ತಡದ ವ್ಯತ್ಯಾಸ ಕಡಿಮೆ, ಮೈ ಮೇಲಿನ ಎಳೆತವೂ ಕಡಿಮೆ. ಹತ್ತಿರದ ರನ್‌ವೇಗೆ ವಾಪಸ್ ಬರುತ್ತೇವೆ.

ಸುದ್ದಿ ಬಂದಾಗ ಕೇಳಿಸಿಕೊಳ್ಳುವ ಹೊಣೆ ನಮ್ಮದು. ಅದನ್ನೂ ಇಲ್ಲಿ ಹೇಳಲೇಬೇಕು. 2018ರ ಅಕ್ಟೋಬರ್ 12ರಂದು, ಮಧ್ಯರಾತ್ರಿ ಕಳೆದ ಮೇಲೆ, ತಿರುಚಿರಾಪಳ್ಳಿಯಲ್ಲಿ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಏರುವಾಗ ರನ್‌ವೇ ಆಚೆಯ ಆಂಟೆನಾ, ಕಾಂಪೌಂಡ್ ಗೋಡೆಗೆ ತಾಗಿತು. ತಾಗಿರಬಹುದು ಅಂತ ನೆಲದಿಂದ ತಿಳಿಸಿದರು. ಕಾಕ್‌ಪಿಟ್‌ನಲ್ಲಿ ಎಲ್ಲ ಮೀಟರ್‌ಗಳೂ ಸರಿ ಇದ್ದವು, ವಿಮಾನ ಮುಂದೆ ಹೋಯಿತು. ಸುಮಾರು ನಾಲ್ಕು ಗಂಟೆ ಹಾರಿದ ಮೇಲೆ ಮುಂಬೈನಲ್ಲಿ ಇಳಿಸಿದರು. ಹೊಟ್ಟೆಯ ಭಾಗ ಹರಿದಿತ್ತು. ಒಳಗಿದ್ದ 136 ಜನರೂ ಉಳಿದರು. ವಿಮಾನದ ಮೈ ಹರಿದಿದೆ ಅಂತ ತೋರಿಸುವ ಮೀಟರ್ ನಮ್ಮ ಮುಂದೆ ಇಲ್ಲ. ಹೊರಗಿನಿಂದ ನೋಡಿದವರ ಮಾತೇ ನಮಗೆ ಆ ಮೀಟರ್.

ಹಾಗಾಗಿ ಬಂಪರ್ ಮೇಲೆ ಬಣ್ಣ ಕಂಡ ಕ್ಷಣ ಸೂಪರ್‌ವೈಸರ್‌ಗೆ ಹೇಳಿ. ಅವರು ಸಿಗದಿದ್ದರೆ ಏರ್‌ಲೈನ್‌ನ ಕಂಟ್ರೋಲ್ ರೂಮಿಗೆ ನೇರ ಫೋನ್ ಮಾಡಿ. ಫ್ಲೈಟ್ ನಂಬರ್, ಯಾವ ಬಾಗಿಲು, ಎಷ್ಟು ಹೊತ್ತಿಗೆ. ಅಷ್ಟು ಸಾಕು. ನಿಮ್ಮ ಅನುಮಾನ ತಪ್ಪಾಗಿದ್ದರೆ ನಾವು ಒಂದು ಸುತ್ತು ಹಾಕಿ ಬರುತ್ತೇವೆ, ಅಷ್ಟೇ.

ರ‍್ಯಾಂಪ್ ರಾತ್ರಿಪಾಳಿ

ಇದನ್ನು ಓದಿ ನಿನ್ನೆ ಪಾಳಿಯಲ್ಲಿ ಕೇಳಿದೆ, ಕಂಟ್ರೋಲ್ ರೂಮ್ ನಂಬರ್ ಯಾರ ಹತ್ತಿರ ಇದೆ ಅಂತ. ಹನ್ನೊಂದು ಜನರಲ್ಲಿ ಒಬ್ಬರ ಹತ್ತಿರವೂ ಇರಲಿಲ್ಲ. ಸೂಪರ್‌ವೈಸರ್ ಫೋನ್‌ನಲ್ಲಿ ಇತ್ತು, ಅವರು ಆಗ ವಿಮಾನ ನಿಲ್ಲುವ ಇನ್ನೊಂದು ಜಾಗದಲ್ಲಿದ್ದರು. ಹೋಗಿ ತಗೊಂಡು ಬಂದೆ. ಅವತ್ತು "ಒರೆಸಿಬಿಡು" ಅಂದವನೇ ದಪ್ಪ ಮಾರ್ಕರ್ ಹುಡುಕಿ ತಂದ. ಈಗ ಅದು ಗಾಡಿಗಳ ಕೀ ನೇತುಹಾಕುವ ಬೋರ್ಡ್ ಮೇಲೆ ಇದೆ. ಅದರ ಕೆಳಗೆ ಅವನೇ ಬರೆದ, "ಪ್ರಯಾಣಿಕರು ಹತ್ತುವುದು ಎಡ, ಲಗೇಜ್ ಬಲ".